ಮೊದಲು ವಾರ ಎಣಿಸಬೇಕು: ಬನಹಟ್ಟಿಯ ಒಂದು ಪ್ರಕರಣ

ಆಕೆಗೆ 27 ವರ್ಷ. ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ನೇಕಾರ ಓಣಿಯೊಂದರಲ್ಲಿ ಮನೆ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ನಾಲ್ಕು ವರ್ಷ, ಸಣ್ಣ ಕೂಸಿಗೆ ಹನ್ನೊಂದು ತಿಂಗಳು. ಎರಡನೆಯ ಹೆರಿಗೆ ಸಿಜೇರಿಯನ್ ಆಗಿತ್ತು. ಗಂಡ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದಾನೆ, ಅಮಾವಾಸ್ಯೆಗೋ ಹಬ್ಬಕ್ಕೋ ಊರಿಗೆ ಬರುತ್ತಾನೆ. ಮನೆಯಲ್ಲಿರುವುದು ಅತ್ತೆ, ಮಕ್ಕಳು, ಒಂದು ಪವರ್‌ಲೂಮ್ ಮತ್ತು ಈಕೆ. ಹೆರಿಗೆಯಾದ ಮೇಲೆ ಮುಟ್ಟು ಸರಿಯಾಗಿ ಬಂದೇ ಇರಲಿಲ್ಲ. ನಡುವೆ ಒಮ್ಮೆ ಎರಡು ದಿನ ಸ್ವಲ್ಪ ಕಂಡು ನಿಂತಿತ್ತು, ಅಷ್ಟೇ. ಹೀಗಾಗಿ ವಾಕರಿಕೆ ಶುರುವಾದಾಗ ಪಿತ್ತ ಆಗಿರಬೇಕು ಅಂದುಕೊಂಡಳು. ಹಾಸಿನ ನೂಲಿಗೆ ಹಚ್ಚಿದ ಗಂಜಿಯ ವಾಸನೆ ತಾಳಲಾರದೆ ಮಗ್ಗ ಬಿಟ್ಟು ಹಿತ್ತಲಿಗೆ ಓಡಿದ್ದನ್ನು ಅತ್ತೆ ನೋಡಿದರು. "ನಿನಗ ದಿನ ನಿಂತಾವೇನ?" ಎಂದು ಕೇಳಿದಾಗಲೇ ಆಕೆಯ ಎದೆ ಧಸಕ್ಕೆಂದಿದ್ದು.

ಇದು ಒಬ್ಬಳೇ ಹೆಣ್ಣುಮಗಳ ದಾಖಲೆಯಲ್ಲ. ಯಾರ ಗುರುತೂ ಸಿಗಬಾರದೆಂದು ಈ ಭಾಗದ ಹಲವರ ಸ್ಥಿತಿಗತಿಯನ್ನು ಕೂಡಿಸಿ ಒಂದು ಪ್ರಕರಣವಾಗಿ ಬರೆದಿದ್ದೇನೆ. ಕಾನೂನು ಮತ್ತು ವೈದ್ಯಕೀಯದ ವಿವರಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಎದೆಹಾಲು ಕುಡಿಸುವಾಗ ಬಸಿರು ನಿಲ್ಲುವುದಿಲ್ಲ ಎಂಬ ಮಾತನ್ನು ಆಕೆ ತವರಿನಲ್ಲೂ ಕೇಳಿದ್ದಳು, ಗಂಡನ ಮನೆಯಲ್ಲೂ ಕೇಳಿದ್ದಳು. ಆ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯಕಾರಿ. ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲು-ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿ ಬಂದಿರಬಾರದು. ಈ ಮೂರೂ ಒಟ್ಟಿಗೆ ಇದ್ದಾಗ ಮಾತ್ರ ಎದೆಹಾಲು ಒಳ್ಳೆಯ ತಡೆ. ಮೂರರಲ್ಲಿ ಒಂದು ತಪ್ಪಿದರೂ ಬೇರೆ ಉಪಾಯ ಬೇಕು. ಆಕೆಯ ಕೂಸು ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಲು ಶುರುಮಾಡಿ ಐದು ತಿಂಗಳಾಗಿತ್ತು. ಮುಟ್ಟು ಕಾಣುವ ಮೊದಲೇ ಅಂಡ ಬಿಡುಗಡೆಯಾಗುತ್ತದೆ, ಆದ್ದರಿಂದ ಒಮ್ಮೆಯೂ ಹೊರಗಾಗದೆ ಮತ್ತೆ ಬಸುರಿಯಾಗುವುದು ಸಾಧ್ಯ. ಹೆರಿಗೆ ವಾರ್ಡಿನಿಂದ ಮನೆಗೆ ಕಳಿಸುವಾಗ ಈ ಮಾತನ್ನು ಯಾರಾದರೂ ಕೂತು ಹೇಳಿದ್ದರೆ ಈ ಪ್ರಕರಣ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಮೊದಲ ಮೂರು ದಿನ

ಮೊದಲ ಮೂರು ದಿನದಲ್ಲಿ ಆಕೆಗೆ ಮೂರು ಸಲಹೆ ಸಿಕ್ಕವು.

ಅತ್ತೆ ಹೇಳಿದ್ದು: "ಇರಲಿ ಬಿಡು, ಈ ಸಲ ಗಂಡ ಆಗ್ತೈತಿ." ಅದರ ಬೆನ್ನಿಗೇ, ಗಡಿಯಾಚೆ ಮಹಾರಾಷ್ಟ್ರದಲ್ಲಿ ಒಬ್ಬರಿದ್ದಾರೆ, ಮೂರು ತಿಂಗಳು ತುಂಬಿದ ಮೇಲೆ ಗಂಡೋ ಹೆಣ್ಣೋ ನೋಡಿ ಹೇಳುತ್ತಾರೆ ಎಂದೂ ಸೇರಿಸಿದರು. ಪಕ್ಕದ ಮನೆಯಲ್ಲಿರುವ ದೂರದ ಸಂಬಂಧಿಯೊಬ್ಬಳು ಮೆಡಿಕಲ್ ಅಂಗಡಿಯಿಂದ ಒಂದು ಗುಳಿಗೆಯ ಕಿಟ್ ತಂದುಕೊಟ್ಟಳು. ಚೀಟಿ ಇಲ್ಲ, ಬಿಲ್ ಇಲ್ಲ, ಎಷ್ಟು ದಿನವಾಯಿತು ಎಂಬ ಪ್ರಶ್ನೆಯೂ ಇಲ್ಲ. "ತಗೊ, ಎರಡ ದಿನದಾಗ ಹೋಗ್ತೈತಿ" ಅಂದಳು. ಮೂರನೆಯದು ಒಂದು ಖಾಸಗಿ ದವಾಖಾನೆ. ಕೌಂಟರಿನಲ್ಲಿದ್ದವರು ತಲೆ ಎತ್ತದೆ, ಗಂಡನನ್ನು ಕರಕೊಂಡು ಬಾ, ಅವನ ಸಹಿ ಇಲ್ಲದೆ ಏನೂ ಆಗುವುದಿಲ್ಲ ಎಂದು ವಾಪಸ್ ಕಳಿಸಿದರು.

ಮೂವರೂ ಉತ್ತರ ಕೊಟ್ಟರು. ಎಷ್ಟು ವಾರವಾಗಿದೆ ಎಂದು ಒಬ್ಬರೂ ಕೇಳಲಿಲ್ಲ. ನಿನಗೇನು ಬೇಕು ಎಂದೂ ಕೇಳಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಸಂಗತಿ ಇದು. ಇಟ್ಟುಕೊಳ್ಳುವುದೋ ಬೇಡವೋ ಎಂಬುದು ಮೊದಲ ಹೆಜ್ಜೆಯೇ ಅಲ್ಲ. ಬಸಿರು ಹೌದೋ ಅಲ್ಲವೋ, ಎಲ್ಲಿ ನಿಂತಿದೆ, ಎಷ್ಟು ವಾರ, ಮೈಯಲ್ಲಿ ರಕ್ತ ಎಷ್ಟಿದೆ, ಇಷ್ಟು ಗೊತ್ತಾಗುವವರೆಗೆ ಹೆಣ್ಣುಮಗಳ ಮುಂದೆ ಯಾವ ದಾರಿಗಳಿವೆ ಎಂಬುದೇ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಯೋಚಿಸಲು ಆಕೆಗೆ ದಿನಗಳೂ ಉಳಿದಿರುತ್ತವೆ.

ಗುಳಿಗೆಯ ಕಿಟ್ಟನ್ನು ಆಕೆ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು, ನುಂಗಲಿಲ್ಲ. ಕೂಸಿನ ದಡಾರದ ಚುಚ್ಚುಮದ್ದು ಹಾಕಿಸಲು ಹೋಗಿದ್ದಾಗ ಪರಿಚಯವಾಗಿದ್ದ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದಳು. "ಅಕ್ಕಾ, ನನಗ ಏನೂ ತಿಳೀವಲ್ದು. ಯಾರನ್ನ ಕೇಳಲಿ?" ಇಷ್ಟೇ ಮಾತು. ಇದೊಂದು ಫೋನ್ ಎಷ್ಟು ಕೆಲಸ ಮಾಡಿತು ಎಂಬುದು ಮುಂದೆ ತಿಳಿಯುತ್ತದೆ.

ಕಿಟ್ ಹೇಳುವುದು, ಸ್ಕ್ಯಾನ್ ಹೇಳುವುದು

ಆಶಾ ತಂದದ್ದು ಬಸಿರು ಪರೀಕ್ಷಿಸುವ ಸರ್ಕಾರದ ನಿಶ್ಚಯ್ ಕಿಟ್. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕಿಟ್‌ಗಳೂ ಇದೇ ತತ್ವದವು. ಬೆಳಗಿನ ಮೊದಲ ಮೂತ್ರವನ್ನು ಒಣಗಿದ ಸ್ವಚ್ಛ ಬಟ್ಟಲಿನಲ್ಲಿ ಹಿಡಿದು, ಜತೆಗಿರುವ ಡ್ರಾಪರ್‌ನಿಂದ ಕಿಟ್‌ನ ಗುಂಡನೆಯ ಗುಣಿಗೆ ಎರಡು-ಮೂರು ಹನಿ ಬಿಟ್ಟು, ಐದು ನಿಮಿಷ ಕಾಯಬೇಕು. 'ಸಿ' ಅಕ್ಷರದ ಎದುರು ಗೆರೆ ಬಂದರೆ ಕಿಟ್ ಸರಿಯಿದೆ ಎಂದರ್ಥ. 'ಟಿ' ಎದುರೂ ಗೆರೆ ಬಂದರೆ ಬಸಿರು. ಆಕೆಗೆ ಬಂದ ಎರಡನೆಯ ಗೆರೆ ತೀರ ತೆಳುವಾಗಿ, ಗುಲಾಬಿಯೋ ಅಲ್ಲವೋ ಎನ್ನುವಷ್ಟು ಮಸುಕಾಗಿತ್ತು. "ಇದು ಅರ್ಧಾ ಬಂದೈತಿ, ಆಗಿರಲಿಕ್ಕಿಲ್ಲ" ಎಂದು ಆಸೆಪಟ್ಟಳು. ಹೇಳಿದ ಸಮಯದೊಳಗೆ ಕಂಡ ಮಸುಕು ಗೆರೆಯೂ ಗೆರೆಯೇ. ಅರ್ಧ ಗಂಟೆ ಬಿಟ್ಟು ನೋಡಿದಾಗ ಕಾಣುವ ಗೆರೆಯನ್ನು ಮಾತ್ರ ನಂಬಬಾರದು. ಗೆರೆ ಬಾರದೆ ಮುಟ್ಟೂ ಬಾರದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಬೇಕು.

ಕಿಟ್ ಹೌದು-ಅಲ್ಲ ಎಂದಷ್ಟೇ ಹೇಳುತ್ತದೆ. ವಾರ ಹೇಳುವುದಿಲ್ಲ, ಬಸಿರು ಗರ್ಭಕೋಶದಲ್ಲಿದೆಯೋ ಗರ್ಭನಾಳದಲ್ಲಿದೆಯೋ ಎಂದೂ ಹೇಳುವುದಿಲ್ಲ. ಸಾಮಾನ್ಯವಾಗಿ ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಕೂಡಿದ ದಿನದಿಂದಲ್ಲ. ಇದನ್ನು ಬಹಳ ಜನ ತಪ್ಪಾಗಿ ತಿಳಿದಿರುತ್ತಾರೆ. ತಮ್ಮ ಲೆಕ್ಕಕ್ಕಿಂತ ವೈದ್ಯರ ಲೆಕ್ಕ ಎರಡು ವಾರ ಜಾಸ್ತಿ ಬಂದದ್ದು ನೋಡಿ ಮನೆಯಲ್ಲಿ ಅನುಮಾನದ ಮಾತು ಏಳುವುದೂ ಉಂಟು. ಮುಟ್ಟೇ ಸರಿಯಾಗಿ ಬಾರದ ಈಕೆಗೆ ಯಾವ ದಿನದಿಂದ ಎಣಿಸುವುದು? ಆಕೆಯ ಅಂದಾಜಿನಲ್ಲಿ ಒಂದು ತಿಂಗಳು. ಅತ್ತೆಯ ಅಂದಾಜಿನಲ್ಲಿ ಮೂರು. ಇಂಥಲ್ಲಿ ಸ್ಕ್ಯಾನ್ ಒಂದೇ ದಾರಿ. ಮೊದಲ ಮೂರು ತಿಂಗಳಲ್ಲಿ ಭ್ರೂಣದ ಉದ್ದ ಅಳೆದು ಹೇಳುವ ವಯಸ್ಸು ಐದಾರು ದಿನ ಆಚೀಚೆಯಷ್ಟೇ ತಪ್ಪುತ್ತದೆ. ತಿಂಗಳು ಏರಿದಂತೆ ಆ ಖಚಿತತೆ ಕಡಿಮೆಯಾಗುತ್ತದೆ.

ಓಣಿಯವರ ಕಣ್ಣಿಗೆ ಬೀಳಬಾರದು ಎಂಬ ಅಂಜಿಕೆ ಆಕೆಗೆ. ನಮ್ಮ ಸಣ್ಣ ಊರುಗಳಲ್ಲಿ ಇದು ಸಣ್ಣ ಅಂಜಿಕೆಯಲ್ಲ. ಬಹಳ ಹೆಣ್ಣುಮಕ್ಕಳು ಸರ್ಕಾರಿ ದವಾಖಾನೆಯ ಬದಲು ಮೆಡಿಕಲ್ ಅಂಗಡಿಗೆ ಹೋಗುವುದು ಇದೇ ಕಾರಣಕ್ಕೆ. ಆದರೆ ನಮ್ಮೂರ ಕೇಂದ್ರಕ್ಕೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಆಶಾ ಆಕೆಯನ್ನು ಜಮಖಂಡಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಇಲ್ಲ. ಮನೆಯಲ್ಲಿ ದುಡ್ಡು ಕೇಳದೆ, ಕಾರಣ ಹೇಳದೆ ಪಕ್ಕದ ತಾಲ್ಲೂಕಿನ ದವಾಖಾನೆಗೆ ಹೋಗಿ ಬರಬಹುದು ಎಂಬುದು ಇಂಥ ಹೊತ್ತಿನಲ್ಲಿ ಎಷ್ಟು ದೊಡ್ಡ ಆಸರೆ ಎಂಬುದನ್ನು ಆ ಯೋಜನೆಯ ಪರ-ವಿರೋಧ ಮಾತಾಡುವವರು ಗಮನಿಸಬೇಕು. ಜತೆಗೆ ಒಯ್ದದ್ದು ಆಧಾರ್ ಕಾರ್ಡ್ ಮತ್ತು ಹಿಂದಿನ ಹೆರಿಗೆಯ ತಾಯಿ ಕಾರ್ಡ್. ಹಳೆಯ ತಾಯಿ ಕಾರ್ಡನ್ನು ಎಸೆಯಬೇಡಿ. ಅದರಲ್ಲಿ ರಕ್ತದ ಗುಂಪು ಇತ್ತು, ಸಿಜೇರಿಯನ್ ಯಾಕಾಯಿತು ಎಂಬುದಿತ್ತು, ಆಗಿನ ಹಿಮೋಗ್ಲೋಬಿನ್ ಇತ್ತು.

ಸ್ಕ್ಯಾನ್ ಕೋಣೆಯ ಗೋಡೆಯ ಮೇಲೆ, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕವಿತ್ತು. ಅದರ ಕೆಳಗೇ ಕೂತು ಆಕೆ ಫಾರ್ಮ್ ತುಂಬಿಸಿದಳು. ವರದಿ ಹೀಗಿತ್ತು: ಗರ್ಭಕೋಶದೊಳಗೆ ಒಂದು ಭ್ರೂಣ, ಎಂಟು ವಾರ ಮೂರು ದಿನ, ಹೃದಯ ಬಡಿತ ಇದೆ, ಸಿಜೇರಿಯನ್ ಹೊಲಿಗೆಯ ಕಲೆಯಿಂದ ದೂರದಲ್ಲಿದೆ. ಈ ಕೊನೆಯ ಮಾತಿನ ಬೆಲೆ ಸಿಜೇರಿಯನ್ ಆದವರಿಗೆ ತಿಳಿದಿರಬೇಕು. ಅಪರೂಪಕ್ಕೆ ಬಸಿರು ಹಳೆಯ ಹೊಲಿಗೆಯ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಗೊತ್ತಿಲ್ಲದೆ ಗುಳಿಗೆ ನುಂಗಿದರೆ ರಕ್ತಸ್ರಾವ ಕೈಮೀರುತ್ತದೆ. ಗರ್ಭನಾಳದಲ್ಲಿ ನಿಂತ ಬಸಿರಿಗೂ ಅಂಗಡಿಯ ಗುಳಿಗೆ ನಾಟುವುದಿಲ್ಲ. ಒಂದಿಷ್ಟು ರಕ್ತ ಹೋಗಿ, ಎಲ್ಲ ಮುಗಿಯಿತು ಅಂದುಕೊಂಡಿರುವಾಗ ನಾಳ ಒಡೆದು ಜೀವಕ್ಕೇ ಬರುತ್ತದೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6 ಬಂತು. ಗರ್ಭಿಣಿಗೆ ಕನಿಷ್ಠ 11 ಇರಬೇಕು. ಕರ್ನಾಟಕದ ಗರ್ಭಿಣಿಯರಲ್ಲಿ ಅರ್ಧಕ್ಕೆ ಹತ್ತಿರ ಜನರಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ, ಆಕೆ ಅವರಲ್ಲೊಬ್ಬಳು. ಎರಡು ಹೆರಿಗೆ, ಒಂದು ಆಪರೇಷನ್, ಹನ್ನೊಂದು ತಿಂಗಳ ಹಾಲೂಡಿಕೆ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ. ಮೈಯಲ್ಲಿ ರಕ್ತ ಎಲ್ಲಿಂದ ಬರಬೇಕು?

ಸಹಿ ಯಾರದು

ವೈದ್ಯೆ ಆಶಾಳನ್ನೂ ಒಳಗೆ ಕರೆಯಲಿಲ್ಲ. ಆಕೆಯೊಬ್ಬಳನ್ನೇ ಕೂರಿಸಿ ಕೇಳಿದ ಮೊದಲ ಪ್ರಶ್ನೆ, "ನಿಮಗ ಏನ ಅನಸ್ತೈತಿ?" ಆಕೆ ಕೊಟ್ಟ ಉತ್ತರ, "ಗಂಡನ ಸಹಿ ಬೇಕಂತಲ್ರಿ." ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿಲ್ಲ. ಆದರೆ ಆಕೆಯ ತಲೆಯಲ್ಲಿ ತುಂಬಿದ್ದು ಅದೊಂದೇ.

ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದದ್ದು 1971ರಲ್ಲಿ. 2021ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿದೆ. ಹದಿನೆಂಟು ತುಂಬಿದ ಹೆಣ್ಣುಮಗಳು ಮಾನಸಿಕವಾಗಿ ಆರೋಗ್ಯವಾಗಿದ್ದರೆ ಆಕೆಯ ಒಪ್ಪಿಗೆಯೊಂದೇ ಸಾಕು. ಒಪ್ಪಿಗೆ ಪತ್ರಕ್ಕೆ ಫಾರ್ಮ್ ಸಿ ಎನ್ನುತ್ತಾರೆ, ಅದರಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ಅತ್ತೆ-ಮಾವನದೂ ಇಲ್ಲ, ತಂದೆಯದೂ ಇಲ್ಲ. ಹಾಗಂತ ಬೇಡ ಅಂದರೆ ಸಾಕು, ಆಯಿತು ಎಂದೂ ಕಾನೂನು ಹೇಳುವುದಿಲ್ಲ. ಬಸಿರು ಮುಂದುವರಿದರೆ ಜೀವಕ್ಕೆ ಅಪಾಯ ಅಥವಾ ದೈಹಿಕ, ಮಾನಸಿಕ ಆರೋಗ್ಯಕ್ಕೆ ತೀವ್ರ ಪೆಟ್ಟು ಬೀಳುತ್ತದೆ ಎಂದೋ, ಹುಟ್ಟುವ ಮಗುವಿಗೆ ಗಂಭೀರ ದೋಷವಿರುವ ಸಂಭವವಿದೆ ಎಂದೋ ನೋಂದಾಯಿತ ವೈದ್ಯರು ಅಭಿಪ್ರಾಯಪಡಬೇಕು. ಹೆಣ್ಣುಮಗಳ ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಗರ್ಭನಿರೋಧಕ ಕೈಕೊಟ್ಟು ನಿಂತ ಬಸಿರಿನ ಸಂಕಟವನ್ನೂ ಕಾನೂನು ಮಾನಸಿಕ ಆರೋಗ್ಯಕ್ಕೆ ಬಿದ್ದ ಪೆಟ್ಟೆಂದೇ ಭಾವಿಸುತ್ತದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಗುರುತನ್ನು ಗುಟ್ಟಾಗಿಡಬೇಕು, ಅದನ್ನು ಬಹಿರಂಗ ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಾನೂನು ಕೇಳದ ಷರತ್ತುಗಳನ್ನು, ಅಂದರೆ ಮನೆಯವರ ಒಪ್ಪಿಗೆ, ಇಲ್ಲದ ದಾಖಲೆ ಇಂಥವನ್ನು ವೈದ್ಯರು ಹೇರಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಆ ದವಾಖಾನೆಯ ಕೌಂಟರಿನಿಂದ ಆಕೆಯನ್ನು ಕಳಿಸಿದ ಮಾತಿಗೆ ಕಾನೂನಿನ ಆಧಾರವೇ ಇರಲಿಲ್ಲ. ಹೀಗೆ ವಾಪಸ್ ಹೋದ ಎಷ್ಟೋ ಹೆಣ್ಣುಮಕ್ಕಳು ಮುಂದೆ ಯಾರ ಕೈಗೆ ಸಿಗುತ್ತಾರೆ ಎಂದು ನೆನೆದರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಮೂರು ದಾರಿ

ಒಂದನೆಯದು ಮುಂದುವರಿಸುವುದು. ಇದರಲ್ಲಿ ಅಂಜಿಸುವುದು ಬೇಡ, ಮುಚ್ಚಿಡುವುದೂ ಬೇಡ. ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ ಎರಡು ವರ್ಷ ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಜೇರಿಯನ್ ಆಗಿ ವರ್ಷದೊಳಗೆ ಮತ್ತೆ ನಿಂತರೆ ಹೆರಿಗೆ ನೋವಿನಲ್ಲಿ ಹಳೆಯ ಹೊಲಿಗೆ ಬಿಡುವ ಅಪಾಯ ಹೆಚ್ಚು. ಆಕೆ ಹಾಗೆ ತೀರ್ಮಾನಿಸಿದ್ದರೆ ಅಂದೇ ತಾಯಿ ಕಾರ್ಡ್ ಮಾಡಿಸಿ, ಹೆಚ್ಚಿನ ಅಪಾಯದ ಗರ್ಭಿಣಿ ಎಂದು ಬರೆಸಿ, ಫೋಲಿಕ್ ಆಸಿಡ್ ಶುರುಮಾಡಬೇಕಿತ್ತು. ಮೂರು ತಿಂಗಳು ದಾಟಿದ ಮೇಲೆ ಕಬ್ಬಿಣದ ಗುಳಿಗೆ ದಿನಕ್ಕೆ ಎರಡು, ಅದಕ್ಕೂ ಏರದಿದ್ದರೆ ಆಸ್ಪತ್ರೆಯಲ್ಲಿ ನರದ ಮೂಲಕ ಕಬ್ಬಿಣಾಂಶ. ಪ್ರತಿ ತಿಂಗಳ 9ನೇ ತಾರೀಖಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ತಜ್ಞರ ಉಚಿತ ತಪಾಸಣೆ ಇರುತ್ತದೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಬಿಸಿಯೂಟ ಸಿಗುತ್ತದೆ. ಹೆರಿಗೆಯನ್ನು ರಕ್ತ ಮತ್ತು ಆಪರೇಷನ್ ಸೌಲಭ್ಯ ಇರುವ ಕಡೆಯೇ, ಅಂದರೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಂಥಲ್ಲಿ, ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಾತೃ ವಂದನಾ ಯೋಜನೆಯ ಹಣ ಬರುತ್ತದೆಂದು ಅತ್ತೆ ಅಂದುಕೊಂಡಿದ್ದರು. ಅದು ಮೊದಲ ಕೂಸಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಮೂರನೆಯದಕ್ಕೆ ಇಲ್ಲ. ಒಂದು ವಿಷಯ ಮಾತ್ರ ಆಕೆಗೆ ನೆಮ್ಮದಿ ಕೊಟ್ಟಿತು: ಬಸುರಿಯ ಎದೆಹಾಲು ಕೂಸಿಗೆ ವಿಷವಲ್ಲ, ತಟ್ಟನೆ ಬಿಡಿಸಬೇಕಾಗಿಲ್ಲ.

ಎರಡನೆಯದು, ಹೆತ್ತು ಬೇರೆಯವರಿಗೆ ಕೊಡುವುದು. ನಮ್ಮಲ್ಲಿ ಇದನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ, ಆದರೆ ಅತ್ತೆ ಒಂದು ರಾತ್ರಿ ಆಡಿದರು. ಮಕ್ಕಳಿಲ್ಲದ ಮಗಳಿಗೆ ಕೊಟ್ಟರೆ ಹೇಗೆ ಎಂದು. ಬಂಧುಗಳೊಳಗೆ ದತ್ತು ಕೊಡುವುದಕ್ಕೆ 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಅವಕಾಶವಿದೆ. ತಾಯಿ-ತಂದೆ ಇಬ್ಬರ ಒಪ್ಪಿಗೆ ಬೇಕು, ನೋಂದಣಿ ಮಾಡಿಸಿದರೆ ಮುಂದೆ ತಕರಾರಿಲ್ಲ, ಒಂದು ಪೈಸೆಯೂ ಕೈಬದಲಾಗಬಾರದು. ಬಂಧುಗಳೂ ಬೇಡ ಎಂದಾದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಿಸಲು ತಾಯಿಗೆ ಎರಡು ತಿಂಗಳ ಸಮಯವಿರುತ್ತದೆ. ಆದರೆ ಈ ದಾರಿಯಲ್ಲೂ ಒಂಬತ್ತು ತಿಂಗಳು ಹೊರುವುದು, ಹೆರುವುದು ಅದೇ 8.6ರ ಮೈಯಲ್ಲೇ. ಅತ್ತೆಗೆ ಅದು ಹೊಳೆದಿರಲಿಲ್ಲ. ಸೊಸೆ ಅಂದಳು, "ಕೊಡೋದು ಆಮ್ಯಾಲಿಂದ ಮಾತ್ರಿ. ಹಡಿಯಾಕಿ ನಾನಲ್ಲ?"

ಮೂರನೆಯದು ಇಲ್ಲಿಗೇ ನಿಲ್ಲಿಸುವುದು. ಒಂಬತ್ತು ವಾರದೊಳಗಾದರೆ ವೈದ್ಯರ ಚೀಟಿಯ ಮೇಲೆ ಗುಳಿಗೆಯಿಂದ, ಹನ್ನೆರಡು ವಾರದವರೆಗೆ ಕೈಸಿರಿಂಜಿನಿಂದ ಎಳೆದು ತೆಗೆಯುವ ವಿಧಾನದಿಂದ. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ ಇದ್ದವರಿಗೆ ಗುಳಿಗೆ ಕೊಡಬಾರದೆಂದು ನಮ್ಮ ದೇಶದ ಮಾರ್ಗಸೂಚಿಯೇ ಹೇಳುತ್ತದೆ, ಏಕೆಂದರೆ ಗುಳಿಗೆಯಲ್ಲಿ ರಕ್ತ ಹೋಗುವುದು ಹೆಚ್ಚು, ಹೋಗುವುದೂ ಮನೆಯಲ್ಲಿದ್ದಾಗ. ಈಕೆ ಅಂಚಿನಲ್ಲಿದ್ದಳು. ಹಿಟ್ಟಿನ ಡಬ್ಬಿಯ ಹಿಂದಿದ್ದ ಕಿಟ್ಟನ್ನು ಅಂದೇ ನುಂಗಿದ್ದರೆ ಏನಾಗುತ್ತಿತ್ತೋ. ಆ ಗುಳಿಗೆ ವಿಷವಲ್ಲ, ಸರಿಯಾದ ಕೈಯಲ್ಲಿ ಬಹಳ ಸುರಕ್ಷಿತವಾದ ಔಷಧ. ವಾರ ತಿಳಿಯದೆ, ಜಾಗ ತಿಳಿಯದೆ, ರಕ್ತ ತಿಳಿಯದೆ, ಹತ್ತಿರ ಯಾರೂ ಇಲ್ಲದೆ ನುಂಗುವುದೇ ಅಪಾಯ.

ವೈದ್ಯೆ ಅಂದೇ ತೀರ್ಮಾನ ಕೇಳಲಿಲ್ಲ. ಎಂಟು ವಾರ ಮೂರು ದಿನ. ಗುಳಿಗೆಯ ಗಡುವು ಹತ್ತಿರದಲ್ಲಿದೆ, ಆದರೆ ನಿಮ್ಮ ರಕ್ತಕ್ಕೆ ಸಿರಿಂಜಿನ ವಿಧಾನವೇ ವಾಸಿ, ಅದಕ್ಕೆ ಇನ್ನೂ ಮೂರು ವಾರ ಇದೆ, ಮನೆಗೆ ಹೋಗಿ ಯೋಚಿಸಿ ಎಂದರು. ಈ ಮಾತು ಕೇಳಿದ ಮೇಲೆಯೇ ಆಕೆ ಅತ್ತದ್ದು ಎಂದು ಆಶಾ ಹೇಳುತ್ತಾಳೆ. ಅಲ್ಲಿಯವರೆಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಗಡಿಯಾಚೆಯ ಮಾತು

ಯೋಚಿಸಲು ಆಕೆ ತೆಗೆದುಕೊಂಡ ಆರು ದಿನಗಳಲ್ಲಿ ಮನೆಯಲ್ಲಿ ನಡೆದದ್ದು ಬಹುಪಾಲು ಒಂದೇ ಜಗಳ. ಅತ್ತೆಗೆ ಮೊಮ್ಮಗ ಬೇಕು. ಮೂರು ತಿಂಗಳು ಕಾಯಿ, ನೋಡಿಸೋಣ, ಹೆಣ್ಣಾದರೆ ಆಮೇಲೆ ತೆಗೆಸಿದರಾಯಿತು. ಆ ಹೆಂಗಸು ಕೆಟ್ಟವಳೇನಲ್ಲ. ತಾನೂ ನಾಲ್ಕು ಹೆತ್ತು, ಎರಡನ್ನು ಮಣ್ಣು ಮಾಡಿದಾಕೆ. ಆದರೆ ಈ ಸಲಹೆಯಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ಲಿಂಗ ನೋಡಿಸಲು ಕಾಯುವುದೆಂದರೆ ಸುಲಭದ, ಸುರಕ್ಷಿತದ ವಾರಗಳನ್ನು ಕೈಯಾರೆ ಕಳೆದುಕೊಳ್ಳುವುದು. ಅದಾದ ಮೇಲೆ ಯಾವ ಸರ್ಕಾರಿ ಆಸ್ಪತ್ರೆಗೂ ಹೋಗುವಂತಿಲ್ಲ, ಕಳ್ಳದಾರಿಯೇ ಗತಿ.

ಆ ಕಳ್ಳದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದು ನಮ್ಮ ಭಾಗದವರಿಗೆ ಹೊಸದಲ್ಲ. 2017ರ ಮಾರ್ಚ್‌ನಲ್ಲಿ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ ಒಬ್ಬ ಗರ್ಭಿಣಿ ಸತ್ತ ಮೇಲೆ ತನಿಖೆ ನಡೆದು, ಹಳ್ಳದ ಬಳಿ ಹೂತಿಟ್ಟ 19 ಭ್ರೂಣಗಳು ಸಿಕ್ಕವು. 2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಹಳ್ಳದ ನೀರಿನಲ್ಲಿ ಬಾಟಲಿಗಳೊಳಗೆ ಏಳು ಭ್ರೂಣಗಳು ಕಂಡವು. ಮೂಡಲಗಿ ಬನಹಟ್ಟಿಗೆ ದೂರವೇನಲ್ಲ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ; ಮಾಡಿದವರಿಗೂ ಮಾಡಿಸಿದವರಿಗೂ ಮೂರು ವರ್ಷದವರೆಗೆ ಜೈಲು. ಹೀಗೆ ಪತ್ತೆ ನಡೆದಾಗ ಗಂಡ ಅಥವಾ ಬಂಧುಗಳೇ ಗರ್ಭಿಣಿಯನ್ನು ಒತ್ತಾಯಿಸಿರಬೇಕು ಎಂದು ಕಾನೂನು ಮೊದಲು ಭಾವಿಸುತ್ತದೆ. ಆಶಾ ಇದನ್ನು ಅತ್ತೆಗೆ ಬೆದರಿಕೆಯಾಗಿ ಹೇಳಲಿಲ್ಲ. ರೊಟ್ಟಿ ಬಡಿಯುತ್ತಿದ್ದವರ ಪಕ್ಕ ಕೂತು, ಹಿಟ್ಟು ನಾದಿಕೊಡುತ್ತ ಹೇಳಿದಳು. ಅತ್ತೆ ಒಪ್ಪಿದರೆಂದೇನೂ ಅಲ್ಲ. ಗಡಿಯಾಚೆಯ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಗಂಡನಿಗೆ ಆಕೆಯೇ ಫೋನ್ ಮಾಡಿ ಹೇಳಿದಳು, ಸಹಿಗಾಗಿ ಅಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಮೈ ನಿನಗ ಗೊತ್ತ. ನಾ ಶನಿವಾರ ಬರ್ತೀನಿ, ಕೂಸಿನ್ನ ಹಿಡ್ಕೋತೀನಿ" ಅಂದ. ಎಲ್ಲರ ಗಂಡಂದಿರೂ ಹೀಗೆ ಹೇಳುವುದಿಲ್ಲ. ಹೇಳದಿದ್ದರೂ ಫಾರ್ಮ್ ಸಿ ಅದೇ ಇರುತ್ತಿತ್ತು, ಸಹಿಯ ಜಾಗವೂ ಒಂದೇ.

ಮುಂದಿನದು

ಒಂಬತ್ತು ವಾರ ಎರಡು ದಿನಕ್ಕೆ ಅದೇ ಆಸ್ಪತ್ರೆಯಲ್ಲಿ ಸಿರಿಂಜಿನ ವಿಧಾನದಿಂದ ಗರ್ಭಪಾತ ಆಯಿತು. ಆ ಭಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಹತ್ತು ನಿಮಿಷದ ಕೆಲಸ, ಕೆಲವು ತಾಸು ಹಾಸಿಗೆ, ಸಂಜೆಗೆ ಮನೆ. ದುಡ್ಡು ತೆಗೆದುಕೊಳ್ಳಲಿಲ್ಲ. ಹಿಂದೆ ಕೆರೆದು ತೆಗೆಯುತ್ತಿದ್ದ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದಿದೆ. ಎಲ್ಲಾದರೂ ಅದನ್ನೇ ಹೇಳಿದರೆ ಸಿರಿಂಜಿನದು ಇದೆಯೇ ಎಂದು ಕೇಳಬೇಕು. ಆಕೆಯ ರಕ್ತದ ಗುಂಪು ಪಾಸಿಟಿವ್. ನೆಗೆಟಿವ್ ಇದ್ದವರು ಮೊದಲೇ ವೈದ್ಯರಿಗೆ ತಿಳಿಸಿ, ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ಕೇಳಬೇಕು.

ಬಿಡುವಾಗ ನರ್ಸ್ ಹೇಳಿದ ಎಚ್ಚರಿಕೆಯನ್ನು ಹಾಗೇ ಬರೆಯುತ್ತೇನೆ. ತಾಸಿಗೆ ಎರಡು ಪ್ಯಾಡ್ ತೊಯ್ದು, ಹಾಗೆ ಎರಡು ತಾಸು ಒಂದೇ ಸಮ ಹೋದರೆ, ಜ್ವರ ಬಂದರೆ, ವಾಸನೆಯ ಬಿಳುಪು ಹೋದರೆ, ಹೊಟ್ಟೆನೋವು ಗುಳಿಗೆಗೂ ನಿಲ್ಲದಿದ್ದರೆ, ಕಣ್ಣು ಕತ್ತಲೆ ಬಂದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಬೇಕು. ಅಂಗಡಿಯ ಗುಳಿಗೆ ನುಂಗಿ ತೊಂದರೆಯಾದವರೂ ಬರಬೇಕು, ನುಂಗಿದ್ದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಎರಡು ವಾರದೊಳಗೇ ಮತ್ತೆ ಬಸಿರು ನಿಲ್ಲಬಹುದು. ಆದ್ದರಿಂದ ಮುಂದಿನ ಉಪಾಯದ ಮಾತು ಅಂದೇ ಆಯಿತು. ಕಾಪರ್-ಟಿ ಅಂದೇ ಹಾಕಬಹುದಿತ್ತು, ಆದರೆ ಅದರಿಂದ ಮುಟ್ಟಿನ ರಕ್ತ ಹೆಚ್ಚುತ್ತದೆ, ಆಕೆಯಲ್ಲಿ ರಕ್ತವೇ ಕಡಿಮೆ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಆರಿಸಿಕೊಂಡಳು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಎದೆಹಾಲಿಗೆ ತೊಂದರೆಯಿಲ್ಲ, ಮನೆಯಲ್ಲಿ ಡಬ್ಬಿ-ಗುಳಿಗೆ ಇಡುವ ಗೋಜಿಲ್ಲ. ಮುಟ್ಟು ಏರುಪೇರಾಗುತ್ತದೆ, ನಿಲ್ಲಲೂಬಹುದು, ಅದಕ್ಕೆ ಅಂಜಬೇಡಿ ಎಂದು ಮೊದಲೇ ಹೇಳಿದ್ದರು. ಹೇಳದಿದ್ದರೆ ಮೊದಲ ತಿಂಗಳೇ ಬಿಟ್ಟುಬಿಡುತ್ತಾರೆ.

ಆಕೆಯ ಸ್ಥಿತಿ ಬೇರೆಯಾಗಿದ್ದರೆ? ಮದುವೆಯಾಗದವಳಾಗಿದ್ದರೂ ಇದೇ ಕಾನೂನು, ಇದೇ ಒಂದು ಸಹಿ. 2021ರ ತಿದ್ದುಪಡಿ ಗಂಡ ಎಂಬಲ್ಲಿ ಸಂಗಾತಿ ಎಂದು ಬರೆದಿದೆ. 20 ದಾಟಿ 24 ವಾರದೊಳಗಾದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಬಸಿರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಅಂಗವಿಕಲರು, ಹೀಗೆ ಕೆಲವು ಗುಂಪುಗಳಿಗೆ ಆ ಅವಕಾಶವಿದೆ, ಅವಿವಾಹಿತರನ್ನೂ ಹೊರಗಿಡುವಂತಿಲ್ಲ ಎಂದು 2022ರ ಅದೇ ತೀರ್ಪು ಹೇಳಿತು. 24 ವಾರದ ಮೇಲೆ ಭ್ರೂಣಕ್ಕೆ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ. ಹುಡುಗಿ ಅಥವಾ ಪೋಷಕರು ಕೋರಿದರೆ ಆ ವರದಿಯಲ್ಲಿ ಆಕೆಯ ಹೆಸರು, ಗುರುತು ಹೇಳಬೇಕಾಗಿಲ್ಲ ಎಂದೂ ಸುಪ್ರೀಂ ಕೋರ್ಟ್ ಹೇಳಿದೆ. ಪೊಲೀಸರ ಹೆದರಿಕೆಯಿಂದಲೇ ಎಳೆಯ ಹುಡುಗಿಯರನ್ನು ಕಳ್ಳದಾರಿಗೆ ಒಯ್ಯುತ್ತಾರೆ, ಆದ್ದರಿಂದ ಇದನ್ನು ನಾಲ್ಕು ಜನರಿಗೆ ತಿಳಿಸಿ. ಆಶಾಳನ್ನೂ ಕೇಳಲಾಗದವರು 104 ಆರೋಗ್ಯ ಸಹಾಯವಾಣಿಯನ್ನು, ಮನೆಯಲ್ಲಿ ಹೊಡೆತ-ಬಡಿತ ಇರುವವರು 181 ಮಹಿಳಾ ಸಹಾಯವಾಣಿಯನ್ನು ಕೇಳಬಹುದು.

ಮೂರು ತಿಂಗಳ ನಂತರ ಎರಡನೆಯ ಅಂತರಾಕ್ಕೆ ಬಂದಾಗ ಆಕೆಯ ಹಿಮೋಗ್ಲೋಬಿನ್ 10.4 ಇತ್ತು. ಕಬ್ಬಿಣದ ಗುಳಿಗೆ ತಪ್ಪಿಸಿರಲಿಲ್ಲ. ಚಹಾದ ಜತೆ ನುಂಗಬಾರದು, ಲಿಂಬೆ ಹಿಂಡಿದ ನೀರಿನ ಜತೆ ನುಂಗಬೇಕು ಎಂಬುದನ್ನೂ ಪಾಲಿಸಿದ್ದಳು. ಆ ದಿನ ಜತೆಗೆ ಬಂದವರು ಅತ್ತೆ. ಆಶಾ ಈಗ ಕೂಸುಗಳಿಗೆ ಚುಚ್ಚುಮದ್ದು ಹಾಕಿಸಲು ಬರುವ ತಾಯಂದಿರನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಕೂಸಿಗೆ ಎಷ್ಟು ತಿಂಗಳು, ಮೇಲಿನ ಊಟ ಶುರುವಾಯಿತೇ, ಮುಟ್ಟು ಬಂತೇ ಎಂದು ಕೇಳುತ್ತಾಳೆ.